ಎದ್ದು ನಿಲ್ಲುವ ಲೆಕ್ಕ

ಬೆಳಗಿನ ಮೊದಲ ಬಸ್ಸು ತಾಲ್ಲೂಕು ಆಸ್ಪತ್ರೆಯ ಗೇಟಿನೆದುರು ನಿಲ್ಲುವ ಹೊತ್ತಿಗೆ ಇನ್ನೂ ಮಬ್ಬುಗತ್ತಲೆ. ಇಳಿಯುವವರಲ್ಲಿ ಡಯಾಲಿಸಿಸ್‌ಗೆ ಬಂದವರು ಯಾರೆಂದು ತಿಳಿಯಲು ಚೀಟಿ ನೋಡಬೇಕಿಲ್ಲ. ಒಂದು ಕೈಲಿ ಫೈಲು, ಟಿಫಿನ್ ಬಾಕ್ಸು, ಮಡಿಸಿದ ದುಪ್ಪಟಿ ತುಂಬಿದ ಬಟ್ಟೆಯ ಚೀಲ. ಇನ್ನೊಂದು ತೋಳಿನಲ್ಲಿ ಡಯಾಲಿಸಿಸ್ ಸೂಜಿ ಹಾಕಲೆಂದು ಫಿಸ್ಟುಲಾ ಮಾಡಿಸಿದ ಕಡೆ ದಪ್ಪಗೆ ಉಬ್ಬಿದ ನರ. ಕೊನೆಯ ಮೆಟ್ಟಿಲ ಬಳಿ ಒಂದು ಗಳಿಗೆ ತಡೆದು, ಕಂಬಿಯನ್ನು ಬಿಗಿಯಾಗಿ ಹಿಡಿದು, ಮೊದಲು ಒಂದು ಕಾಲು ಇಳಿಸಿ, ನೆಲ ಸಿಕ್ಕಿತೆಂದು ಖಾತ್ರಿಯಾದ ಮೇಲೆ ಇನ್ನೊಂದನ್ನು ಇಳಿಸುತ್ತಾರೆ. ಕಂಡಕ್ಟರಿಗೂ ಇದು ರೂಢಿ. ‘ರೈಟ್’ ಅನ್ನದೆ ಕಾಯುತ್ತಾನೆ. ಬನ್ನಿ, ಅವರ ಹಿಂದೆಯೇ ನಾವೂ ಒಳಗೆ ಹೋಗೋಣ.

ಚಪ್ಪಲಿ ಹೊರಗೆ ಬಿಡಬೇಕು. ಬಾಗಿಲು ತೆರೆದರೆ ಸ್ಪಿರಿಟ್ಟಿನ, ಬ್ಲೀಚಿನ ಘಾಟು. ಅದರ ಕೆಳಗೆ ಯಂತ್ರಕ್ಕೆ ಕಲೆಸುವ ದ್ರಾವಣದ ತೆಳುವಾದ ಹುಳಿ ವಾಸನೆ. ಗೋಡೆಯಾಚೆ ನೀರು ಶುದ್ಧಮಾಡುವ ಆರ್‌ಓ ಪ್ಲಾಂಟು ಗುಂಯ್‌ಗುಡುತ್ತಿದೆ. ಯಂತ್ರಗಳು ಒಂದೊಂದಾಗಿ ಕುಂಯ್ ಎಂದು ಎಚ್ಚರಗೊಳ್ಳುತ್ತಿವೆ. ತೂಕದ ಯಂತ್ರದ ಮುಂದೆ ಸಣ್ಣ ಸಾಲು. ಎಲ್ಲರಿಗೂ ತಮ್ಮ ತಮ್ಮ ತೂಕ ಬಾಯಿಪಾಠ. ಕಳೆದ ಸಲ ಡಯಾಲಿಸಿಸ್ ಮುಗಿದಾಗ ಇದ್ದುದಕ್ಕಿಂತ ಎಷ್ಟು ಏರಿದೆಯೋ, ಹೆಚ್ಚುಕಡಿಮೆ ಅಷ್ಟು ನೀರು ಇವತ್ತು ತೆಗೆಯಬೇಕು.

ಸೂಜಿ ಹಾಕುವ ಮೊದಲು ಸಿಸ್ಟರ್ ಒಂದು ಕುರ್ಚಿಯನ್ನು ಗೋಡೆಗೆ ಆನಿಸಿ ಇಡುತ್ತಾರೆ.

“ತಾತ, ಇಲ್ಲಿ ಕೂತ್ಕೊಳ್ಳಿ. ಎರಡೂ ಕೈ ಎದೆ ಮೇಲೆ ಕಟ್ಕೊಂಡು ಐದು ಸಲ ಎದ್ದು ಕೂರ್ಬೇಕು. ಕೈ ಊರ್ಬಾರ್ದು.”

ಮೊದಲೆರಡು ಸಲ ಸಲೀಸು. ಮೂರನೆಯದಕ್ಕೆ ತೊಡೆ ನಡುಗುತ್ತದೆ, ಮೈ ಮುಂದಕ್ಕೆ ವಾಲುತ್ತದೆ, ಕಟ್ಟಿದ ಕೈ ತಾನಾಗಿಯೇ ಬಿಚ್ಚಿ ಕುರ್ಚಿಯ ತೋಳನ್ನು ಹುಡುಕುತ್ತದೆ. ಸಿಸ್ಟರ್ ಕಣ್ಣು ಗಡಿಯಾರದ ಮೇಲೆ. ಐದು ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಎಚ್ಚರ ವಹಿಸಬೇಕೆಂದು ಏಷ್ಯಾದ ತಜ್ಞರ ಗುಂಪೊಂದು 2019ರಲ್ಲಿ ಗೆರೆ ಎಳೆದಿದೆ. ತಾತ ಆ ಗೆರೆ ದಾಟಿ ಬಹಳ ಹೊತ್ತಾಯಿತು. ಆಮೇಲೆ ನೆಲಕ್ಕೆ ಟೇಪು ಅಂಟಿಸಿದ 6 ಮೀಟರ್ ನಡಿಗೆ. ಸೆಕೆಂಡಿಗೆ ಒಂದು ಮೀಟರಾದರೂ ಸಾಗಬೇಕು. ಫಿಸ್ಟುಲಾ ಇಲ್ಲದ ಕೈಯಲ್ಲಿ ಹಿಡಿತ ಅಳೆಯುವ ಉಪಕರಣವನ್ನು ಹಿಂಡಬೇಕು. ಗಂಡಸರಿಗೆ ಕನಿಷ್ಠ 28 ಕಿಲೋ, ಹೆಂಗಸರಿಗೆ 18. ಇವೆಲ್ಲ ಡಯಾಲಿಸಿಸ್‌ಗೆ ಮೊದಲೇ ಆಗಬೇಕು, ಮುಗಿದ ಮೇಲೆ ಎಂಥವರೂ ಹಣ್ಣಾಗಿರುತ್ತಾರೆ.

“ಸುಸ್ತಾಗುತ್ತಾ ತಾತ?”

“ಡಯಾಲಿಸಿಸ್ ದಿನ ಸುಸ್ತು ಇದ್ದದ್ದೇ ತಾಯಿ.”

“ಮಾರನೇ ದಿನ?”

ತಾತ ಹೆಂಡತಿಯ ಕಡೆ ನೋಡುತ್ತಾರೆ. “ಜಗಲಿ ಮೇಲೆ ಕೂತ್ರೆ ಊಟಕ್ಕೆ ಕರೆಯೋವರ್ಗೂ ಏಳಲ್ಲ ಕಣವ್ವ,” ಎಂದು ಉತ್ತರ ಬರುವುದು ಅವರಿಂದ. ಈ ಒಂದು ಮಾತಿಗಾಗಿಯೇ ಮನೆಯವರನ್ನು ಒಳಗೆ ಕರೆಯಬೇಕು ಅನ್ನಿಸುತ್ತದೆ ನನಗೆ.

ಸಿಸ್ಟರ್ ಸುಸ್ತಿನ ಬಗ್ಗೆ ಕೇಳಿದ್ದಕ್ಕೆ ಕಾರಣವಿದೆ. ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು 2001ರಲ್ಲಿ ಐದು ಲಕ್ಷಣ ಗುರುತಿಸಿದರು: ಬಯಸದೆಯೇ ಇಳಿಯುವ ತೂಕ, ಬಿಡದ ಆಯಾಸ, ಸಡಿಲವಾದ ಹಿಡಿತ, ನಿಧಾನವಾದ ನಡಿಗೆ, ಕಡಿಮೆಯಾದ ಓಡಾಟ. ಮೂರು ಕಂಡರೆ ಅದು ಫ್ರೇಲ್ಟಿ, ಅಂದರೆ ಸಣ್ಣ ಜ್ವರವನ್ನೋ ಒಂದು ಬೀಳುವಿಕೆಯನ್ನೋ ತಡೆದುಕೊಳ್ಳಲಾರದಷ್ಟು ದೇಹ ಸೊರಗಿರುವ ಸ್ಥಿತಿ. ಇದನ್ನು ಮುಪ್ಪಿನ ತಲೆಗೆ ಕಟ್ಟಿ ಸುಮ್ಮನಾಗುವಂತಿಲ್ಲ. ಬಾಲ್ಟಿಮೋರ್‌ನಲ್ಲಿ ಎಲ್ಲ ವಯಸ್ಸಿನ ಡಯಾಲಿಸಿಸ್ ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 42 ಮಂದಿ ಹೀಗೆ ಸೊರಗಿದ್ದರು. ಅವರಲ್ಲಿ ಸಾವಿನ ಅಪಾಯ ಸೊರಗದೆ ಗಟ್ಟಿಯಾಗಿದ್ದವರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚಿತ್ತು.

ಅಷ್ಟರಲ್ಲಿ ಪಕ್ಕದ ಹಾಸಿಗೆಯ ಬಳಿ ಸಣ್ಣದೊಂದು ಸಂಭ್ರಮ. ಮಗ ರಿಪೋರ್ಟು ಹಿಡಿದು ಬಂದಿದ್ದಾನೆ: “ಅಪ್ಪಂದು ಕ್ರಿಯಾಟಿನಿನ್ ಇಳಿದಿದೆ!” ಸಿಸ್ಟರ್ ನಗುವುದಿಲ್ಲ, ಅಪ್ಪನ ತೊಡೆಯ ಮೇಲೆ ಜೋಲುತ್ತಿರುವ ಚರ್ಮವನ್ನೇ ನೋಡುತ್ತಾರೆ. ಕ್ರಿಯಾಟಿನಿನ್ ಹುಟ್ಟುವುದೇ ಸ್ನಾಯುವಿನಿಂದ. ಸ್ನಾಯು ಕರಗಿದರೆ, ಕಿಡ್ನಿ ಒಂದಿಷ್ಟೂ ಸುಧಾರಿಸದೆ ಇದ್ದರೂ ಆ ಅಂಕಿ ಇಳಿಯಬಹುದು. ತೂಕವೂ ಹಾಗೇ: ಕರಗಿದ ಮಾಂಸಖಂಡದ ಜಾಗಕ್ಕೆ ನೀರು ತುಂಬಿಕೊಂಡು ತಕ್ಕಡಿ ಮೊದಲಿನಷ್ಟೇ ತೋರಿಸಬಹುದು. ಮನೆಮಂದಿ ನಂಬಿಕೊಂಡ ಎರಡು ಅಂಕಿಗಳೂ ಮುಚ್ಚಿಟ್ಟದ್ದನ್ನು ಆ ಕುರ್ಚಿ ಹೊರಗೆಳೆಯುತ್ತದೆ. ಇಂಥದೊಂದು ಕುರ್ಚಿ ಪ್ರತಿ ಡಯಾಲಿಸಿಸ್ ಘಟಕದಲ್ಲಿ ಮಾತ್ರವಲ್ಲ, ಕಾಯಿಲೆ ಇನ್ನೂ ಆರಂಭದಲ್ಲಿರುವವರು ಬರುವ ಓಪಿಡಿಯಲ್ಲೂ ಇರಲೇಬೇಕು.

ಸೊರಗಲು ಕಾರಣಗಳು ಒಂದೆರಡಲ್ಲ. ರಕ್ತಹೀನತೆ, ರಕ್ತದಲ್ಲಿ ಹೆಚ್ಚುವ ಆಮ್ಲ, ಒಳಗೊಳಗೇ ಕುದಿಯುವ ಉರಿಯೂತ, ರುಚಿಗೆಟ್ಟ ನಾಲಗೆ, ಕುಗ್ಗಿದ ಮನಸ್ಸು. ಜೊತೆಗೆ ಊಟದ ಭಯ. ಡಯಾಲಿಸಿಸ್‌ಗೆ ಮೊದಲು ಪ್ರೋಟೀನು ಮಿತಿಯಲ್ಲಿರಲಿ ಎಂದದ್ದನ್ನೇ ಹಿಡಿದುಕೊಂಡು, ಡಯಾಲಿಸಿಸ್ ಶುರುವಾದ ಮೇಲೂ ಬೇಳೆ, ಮೊಟ್ಟೆಯನ್ನು ಪೂರ್ತಿ ಬಿಟ್ಟವರು ಎಷ್ಟೋ ಜನ. ಡಯಾಲಿಸಿಸ್‌ನಲ್ಲಿರುವವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನು ಬೇಕೆನ್ನುತ್ತದೆ ವೈದ್ಯಶಾಸ್ತ್ರ. ತಾತನ ಟಿಫಿನ್ ಬಾಕ್ಸಿನಲ್ಲಿ ಇವತ್ತು ಇರುವುದು ಎರಡು ಇಡ್ಲಿ, ಚೂರು ಚಟ್ನಿ. ಮೊಟ್ಟೆಯ ಬಿಳಿಭಾಗ ಎಷ್ಟು ಕೊಡಬಹುದೆಂದು ಸಿಸ್ಟರ್ ಅಜ್ಜಿಗೆ ಬರೆದುಕೊಡುತ್ತಿದ್ದಾರೆ.

ಸೊರಗಿದ ಮೈ ಸ್ವಲ್ಪವಾದರೂ ಚಿಗುರಬಲ್ಲದು. ಇಟಲಿಯಲ್ಲಿ ಡಯಾಲಿಸಿಸ್ ರೋಗಿಗಳಿಗೆ ಮನೆಯಲ್ಲೇ ಹಗುರ ನಡಿಗೆ ಅಭ್ಯಾಸ ಮಾಡಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ನಿಮಿಷದಲ್ಲಿ ಸರಾಸರಿ 328 ಮೀಟರ್ ನಡೆಯುತ್ತಿದ್ದವರು ಆರು ತಿಂಗಳಲ್ಲಿ 367 ಮೀಟರ್ ಮುಟ್ಟಿದ್ದರು. ಮೂವತ್ತೊಂಬತ್ತು ಮೀಟರಿನಲ್ಲಿ ಏನಿದೆ ಅಂದುಕೊಳ್ಳಬೇಡಿ. ಜಗಲಿಯಿಂದ ಬಚ್ಚಲಿಗೆ ಯಾರ ಕೈಯನ್ನೂ ಹಿಡಿಯದೆ ಹೋಗಿಬರುವ ದೂರ ಅದು.

ನಿಮ್ಮ ಮನೆಯಲ್ಲಿ ಕಿಡ್ನಿ ಕಾಯಿಲೆಯವರಿದ್ದರೆ, ಮುಂದಿನ ಸಲ ಡಾಕ್ಟರ ಹತ್ತಿರ ಕ್ರಿಯಾಟಿನಿನ್ ಎಷ್ಟೆಂದು ಕೇಳಿದ ಮೇಲೆ ಎದ್ದುಬಿಡಬೇಡಿ. ಕೂತಲ್ಲಿಂದ ಏಳಲು, ನಾಲ್ಕು ಹೆಜ್ಜೆ ಇಡಲು ಅವರಿಗೆ ಕಷ್ಟವಾಗುತ್ತಿದ್ದರೆ ಬಾಯಿಬಿಟ್ಟು ಹೇಳಿ, ಈ ಪರೀಕ್ಷೆ ಮಾಡಿಸಿ. ಅದಕ್ಕೆ ರಕ್ತ ಕೊಡಬೇಕಿಲ್ಲ, ಕೆಲವೇ ನಿಮಿಷ ಸಾಕು.