ಅಂಗನವಾಡಿ: ಊಟದ ತಟ್ಟೆಯ ಆಚೆ

ಟಿ. ನರಸೀಪುರ ಎಂದೊಡನೆ ನೆನಪಾಗುವುದು ಕಾವೇರಿ–ಕಪಿಲೆಯರ ಸಂಗಮ, ಕುಂಭಮೇಳ, ತಲಕಾಡಿನ ಮರಳು. ಆ ತಾಲ್ಲೂಕಿಗೆ ಇನ್ನೊಂದು ಹೆಗ್ಗಳಿಕೆಯೂ ಉಂಟು, ಅದನ್ನು ಹೇಳುವವರು ಕಡಿಮೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಪ್ರಾಯೋಗಿಕವಾಗಿ ಶುರುವಾದಾಗ, ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದ ತಾಲ್ಲೂಕು ಇದು. ಅಲ್ಲಿ ನೂರು ಅಂಗನವಾಡಿಗಳಿಂದ ಹೊರಟ ಯೋಜನೆಯಡಿ ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. 2025ಕ್ಕೆ ಯೋಜನೆಗೆ ಐವತ್ತು ತುಂಬಿತು.

ಆದರೂ ಅಂಗನವಾಡಿ ಎಂದರೆ ಏನು ಎಂದು ಕೇಳಿದರೆ, ಅಲ್ಲಿಗೆ ಮಕ್ಕಳನ್ನು ಕಳಿಸುವವರೂ ಹೇಳುವುದು ಊಟ, ಮೊಟ್ಟೆ, ಹಾಲು, ಪುಷ್ಟಿ ಪ್ಯಾಕೆಟ್ಟು. ಅದು ಸುಳ್ಳಲ್ಲ. ಆರು ತಿಂಗಳಿಂದ ಆರು ವರ್ಷದವರೆಗಿನ ಪ್ರತಿ ಮಗುವಿಗೂ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಸಿಗಬೇಕೆಂದು 2013ರ ಆಹಾರ ಭದ್ರತಾ ಕಾಯ್ದೆ ಹಕ್ಕು ಕೊಟ್ಟಿತು. ಅದೇ ವರ್ಷ ಬಂದ ಹಾಲಿನ ಯೋಜನೆ ಕ್ಷೀರಭಾಗ್ಯ, 2017ರಲ್ಲಿ ಗರ್ಭಿಣಿ–ಬಾಣಂತಿಯರಿಗೆ ಕೇಂದ್ರದಲ್ಲೇ ಬಿಸಿಯೂಟ ಬಡಿಸಲು ಹೊರಟ ಮಾತೃಪೂರ್ಣ, ಎರಡೂ ನಡೆಯುವುದು ಇದೇ ಬಾಗಿಲಲ್ಲಿ. ತೂಕ ನೋಡುವುದು, ಚುಚ್ಚುಮದ್ದಿನ ದಿನ ತಾಯಂದಿರನ್ನು ಕರೆತರುವುದು, ಸೊರಗಿದ ಮಗುವನ್ನು ಆಸ್ಪತ್ರೆಗೆ ಕಳಿಸುವುದು ಕೂಡ ಇಲ್ಲಿಯ ಕೆಲಸವೇ. ಈ ಗದ್ದಲದಲ್ಲಿ ಯೋಜನೆಯ ಮೂಲ ಆರು ಸೇವೆಗಳಲ್ಲಿ ಒಂದು ಮಾತ್ರ ಹಿಂದೆ ಸರಿದು ನಿಂತಿದೆ: ಮೂರರಿಂದ ಆರು ವರ್ಷದ ಮಕ್ಕಳ ಶಾಲಾಪೂರ್ವ ಶಿಕ್ಷಣ.

ಅಂಗನವಾಡಿಯ ಬೇರು ಹುಡುಕಿದರೆ ಸಿಗುವುದು ಅಡುಗೆಮನೆಯಲ್ಲ, ಶಾಲೆ. 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಬಾಲಮಂದಿರ ತೆರೆದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್‌ಗೆ ಮಾಂಟೆಸ್ಸೊರಿ ಪದ್ಧತಿ ಹಿಡಿಸಿತು. ಆದರೆ ಅದರ ದುಬಾರಿ ಸಲಕರಣೆ ಬಡವರ ಮಕ್ಕಳಿಗೆ ದಕ್ಕುವಂಥದ್ದಾಗಿರಲಿಲ್ಲ. ಮುಂದೆ ಅವರು ಮಹಾರಾಷ್ಟ್ರದ ಬೋರ್ಡಿಗೆ, ಅಲ್ಲಿಂದ ವಾರ್ಲಿ ಬುಡಕಟ್ಟಿನವರಿರುವ ಕೋಸಬಾಡ್ ಗುಡ್ಡಕ್ಕೆ ಹೋದರು. ಜೊತೆಗಿದ್ದವರು ಅನುತಾಯಿ ವಾಘ್. ಮಕ್ಕಳು ಶಾಲೆಗೆ ಬರಲಿಲ್ಲ. ತಮ್ಮ–ತಂಗಿಯರನ್ನು ನೋಡಿಕೊಳ್ಳುವ, ದನ ಕಾಯುವ ಕೆಲಸ ಬಿಟ್ಟು ಅವರು ಬರುವುದಾದರೂ ಹೇಗೆ? ಶಾಲೆಯೇ ಅವರ ಮನೆಯಂಗಳಕ್ಕೆ ಹೋಯಿತು. ದನಗಾಹಿ ಮಕ್ಕಳಿಗೆ ಹುಲ್ಲುಗಾವಲಿನಲ್ಲೇ ಪಾಠ ನಡೆಯಿತು. ಕಲ್ಲು, ಕಪ್ಪೆಚಿಪ್ಪು, ಎಲೆ, ಬೀಜಗಳೇ ಕಲಿಕೆಯ ಸಾಮಗ್ರಿಗಳಾದವು. ಸರ್ಕಾರ ಅಂಗನವಾಡಿ ಕಟ್ಟುವ ಹೊತ್ತಿಗೆ ಈ ಇಬ್ಬರು ಹೆಣ್ಣುಮಕ್ಕಳು ಅದರ ಬುನಾದಿಯನ್ನು ಹಾಕಿ ಮುಗಿಸಿದ್ದರು.

ನಮ್ಮ ರಾಜ್ಯದ ಅಂಗನವಾಡಿಗಳಲ್ಲಿ ‘ಚಿಲಿಪಿಲಿ’ ಎಂಬ ಚಟುವಟಿಕೆ ಪುಸ್ತಕ ಬಳಕೆಯಲ್ಲಿದೆ. ಹೊರಗಿನವರ ಕಣ್ಣಿಗೆ ಅಲ್ಲಿ ನಡೆಯುವುದು ಬರೀ ಆಟ. ಒಂದು ವಿಷಯ ಹಿಡಿದು ಅದರ ಸುತ್ತಲೇ ಹಾಡು, ಕಥೆ, ಮಾತುಕತೆ, ಬಣ್ಣ. ಹುಣಸೆಬೀಜ, ಅವರೆಕಾಳು ಬೇರೆಬೇರೆ ಮಾಡುವ ಮಗು ಗಣಿತದ ಮೊದಲ ಹೆಜ್ಜೆಯಾದ ವಿಂಗಡಣೆ ಕಲಿಯುತ್ತಿದೆ. ಮಣಿ ಪೋಣಿಸುವ ಬೆರಳು ಮುಂದೆ ಪೆನ್ಸಿಲು ಹಿಡಿಯಲು ಹದವಾಗುತ್ತಿದೆ. ಕಥೆ ಕೇಳಿ ‘ಆಮೇಲೆ?’ ಎನ್ನುವ ಮಗುವಿಗೆ ಭಾಷೆಯ ಜೊತೆಗೆ ಕಾರ್ಯಕಾರಣವೂ ಹತ್ತುತ್ತಿದೆ. ಸರದಿಗೆ ಕಾಯುವುದು, ಕೈ ತೊಳೆಯುವುದು, ಪಕ್ಕದ ಮಗುವಿನ ಆಟಿಕೆ ಕಸಿಯದಿರುವುದು ಇವೂ ಪಾಠವೇ. ಇದಕ್ಕೆ ಪರೀಕ್ಷೆಯಿಲ್ಲ, ಹಾಗಾಗಿ ಅಪ್ಪ–ಅಮ್ಮಂದಿರಿಗೆ ತೋರಿಸಲು ಅಂಕಪಟ್ಟಿಯೂ ಇಲ್ಲ. ಮೂರು ವರ್ಷದ ಕೂಸಿನ ಕೈಯಲ್ಲಿ ನಾಲ್ಕು ಗೆರೆಯ ಕಾಪಿ ಬರೆಸುವ ಕಾನ್ವೆಂಟು ಅದೇ ಕಾರಣಕ್ಕೆ ಹೆಚ್ಚು ‘ಓದಿಸಿದಂತೆ’ ಕಾಣುತ್ತದೆ. ನನ್ನನ್ನು ಕೇಳಿದರೆ, ಆ ಕಾಪಿಗಿಂತ ಈ ಹುಣಸೆಬೀಜವೇ ಮೇಲು.

ಇದಕ್ಕೆಲ್ಲ ಮಾನದಂಡಗಳಿಲ್ಲವೆಂದಲ್ಲ. 2013ರ ರಾಷ್ಟ್ರೀಯ ಬಾಲ್ಯಪೂರ್ವ ಆರೈಕೆ ಮತ್ತು ಶಿಕ್ಷಣ ನೀತಿ ಹೇಳುವುದು ಹೀಗೆ: ದಿನಕ್ಕೆ ಮೂರು–ನಾಲ್ಕು ಗಂಟೆಯ ಕಲಿಕೆ, 30 ಮಕ್ಕಳಿಗೆ ಕನಿಷ್ಠ 35 ಚದರ ಮೀಟರ್ ಕೋಣೆ, ಹೊರಗೆ ಆಡಲು ಜಾಗ, ಮಾತೃಭಾಷೆಯಲ್ಲಿ ಪಾಠ, ಅಡುಗೆಗೆ ಬೇರೆ ಸ್ಥಳ, ಪುಟ್ಟವರಿಗೆ ಒಗ್ಗುವ ಶೌಚಾಲಯ. ಮೂರು ದಾಟಿದ 20 ಮಕ್ಕಳಿಗೆ ಒಬ್ಬರು, ಅದಕ್ಕೂ ಚಿಕ್ಕವರಾದರೆ ಹತ್ತು ಮಕ್ಕಳಿಗೆ ಒಬ್ಬರು ಇರಬೇಕು. ಈ ನಿಯಮ ಖಾಸಗಿ ನರ್ಸರಿಗಳಿಗೂ ಅನ್ವಯ ಎಂಬುದು ಅನೇಕರಿಗೆ ತಿಳಿದಿಲ್ಲ. ಮೂವತ್ತೈದು ಚದರ ಮೀಟರೆಂದರೆ ಸುಮಾರು 375 ಚದರಡಿ. ನಗರದ ಬಾಡಿಗೆ ಕೋಣೆಯಲ್ಲಿ ಅಕ್ಕಿಚೀಲ, ಗ್ಯಾಸ್ ಒಲೆ, ತೂಕದ ಯಂತ್ರ ಎಲ್ಲ ಒಟ್ಟಿಗಿರುವ ಕೇಂದ್ರಕ್ಕೆ ಅಷ್ಟು ಜಾಗ ಸಿಕ್ಕರೆ ಅದೃಷ್ಟ.

ಜಾಗಕ್ಕಿಂತ ದೊಡ್ಡ ಕೊರತೆ ಟೀಚರ್ ಸಮಯದ್ದು. ಊರಿನವರ ಬಾಯಲ್ಲಿ ‘ಟೀಚರ್’, ಸರ್ಕಾರದ ಕಡತದಲ್ಲಿ ‘ಕಾರ್ಯಕರ್ತೆ’. ಜೊತೆಗೆ ಒಬ್ಬ ಸಹಾಯಕಿ. ಮನೆಮನೆ ಭೇಟಿ, ಸ್ತ್ರೀಶಕ್ತಿ ಸಂಘದ ಸಭೆ, ಮತದಾರರ ಪಟ್ಟಿ, ಬಗೆಬಗೆಯ ಸಮೀಕ್ಷೆ ಎಲ್ಲ ಟೀಚರ್ ತಲೆಯ ಮೇಲೆ. 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಮಾಹಿತಿ ತುಂಬುವ ಕೆಲಸ ಬೇರೆ. ಸಿಗುವುದು ಸಂಬಳವಲ್ಲ, ಗೌರವಧನ. 2018ರಲ್ಲಿ ಕೇಂದ್ರ ಸರ್ಕಾರ ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ ಗೊತ್ತುಮಾಡಿತು. ರಾಜ್ಯ ಅದರ ಮೇಲೆ ತನ್ನ ಪಾಲು ಸೇರಿಸುತ್ತದೆ. ಇವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2022ರ ಏಪ್ರಿಲ್‌ನಲ್ಲಿ, ಯೋಜನೆ ಶುರುವಾಗಿ ನಲವತ್ತಾರು ವರ್ಷ ಕಳೆದ ಮೇಲೆ. ಇಷ್ಟು ಕೆಲಸ ಮುಗಿಸಿ ಕಥೆ ಹೇಳಲು ಕೂರುವ ಹೊತ್ತಿಗೆ ಮಕ್ಕಳು ಊಟಕ್ಕೆ ಎದ್ದಿರುತ್ತಾರೆ.

ಕಾನೂನೂ ಈ ವಯಸ್ಸನ್ನು ಅರ್ಧ ದಾರಿಯಲ್ಲೇ ಬಿಟ್ಟಿದೆ. ಸಂವಿಧಾನದ 45ನೇ ವಿಧಿ ಮೊದಲು ಹದಿನಾಲ್ಕು ತುಂಬುವವರೆಗಿನ ಎಲ್ಲ ಮಕ್ಕಳನ್ನೂ ಒಳಗೊಂಡಿತ್ತು. 2002ರ ತಿದ್ದುಪಡಿ ಆರರಿಂದ ಹದಿನಾಲ್ಕರವರಿಗೆ ಮೂಲಭೂತ ಹಕ್ಕು ಕೊಟ್ಟು, ಆರರ ಒಳಗಿನವರನ್ನು ‘ಸರ್ಕಾರ ಪ್ರಯತ್ನಿಸತಕ್ಕದ್ದು’ ಎಂಬಲ್ಲಿಗೆ ನಿಲ್ಲಿಸಿತು. ಆಸರೆಯಾದದ್ದು ನ್ಯಾಯಾಲಯ. ಅಂಗನವಾಡಿಯಿಲ್ಲದ ಕಡೆ ಆರು ವರ್ಷದೊಳಗಿನ 40 ಮಕ್ಕಳಿದ್ದು ಜನ ಕೇಳಿದರೆ, ಮೂರು ತಿಂಗಳಲ್ಲಿ ಕೇಂದ್ರ ತೆರೆಯಬೇಕೆಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲಿ ಆದೇಶಿಸಿತು. 2020ರ ಶಿಕ್ಷಣ ನೀತಿ ಮೂರನೇ ವಯಸ್ಸಿನಿಂದಲೇ ಕಲಿಕೆಯ ಮೆಟ್ಟಿಲು ಎಣಿಸುತ್ತದಾದರೂ ಅದು ನೀತಿ, ಹಕ್ಕಲ್ಲ.

ಈಗಿನ ಜಗಳ ಎಲ್‌ಕೆಜಿಯದು. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ತೆರೆದರೆ ಅಂಗನವಾಡಿ ಬರಿದಾಗುತ್ತದೆಂದು ಕಾರ್ಯಕರ್ತೆಯರು 2024ರಲ್ಲಿ ಬೆಂಗಳೂರಿನಲ್ಲಿ ಧರಣಿ ಕೂತರು. ಅದರ ಬೆನ್ನಿಗೇ ನಗರದ 250 ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರುವಾದವು. ಹೆಸರು ಬದಲಾದರೆ ನನ್ನ ತಕರಾರಿಲ್ಲ. ಬೇಕಿರುವುದು ಇನ್ನೊಬ್ಬ ಟೀಚರ್. ಒಬ್ಬರು ಊಟ, ತೂಕ, ಆ್ಯಪ್ ನೋಡಿಕೊಳ್ಳಲಿ, ಮತ್ತೊಬ್ಬರು ಮಕ್ಕಳ ಜೊತೆ ನೆಲದ ಮೇಲೆ ಕೂರಲಿ. ಅದಾಗದೆ ಗೋಡೆಗೆ ಎಬಿಸಿಡಿ ಬರೆಸಿದರೆ ಬಣ್ಣದ ಖರ್ಚಷ್ಟೇ.

ಪ್ರತಿ ಅಂಗನವಾಡಿಗೂ ಪೋಷಕರಿರುವ ಬಾಲವಿಕಾಸ ಸಮಿತಿ ಎಂದೊಂದಿದೆ. ನಿಮ್ಮ ಬೀದಿಯ ಕೇಂದ್ರದಲ್ಲಿ ಅದರ ಸಭೆ ಯಾವಾಗ ಎಂದು ವಿಚಾರಿಸಿ, ಹೋಗಿ ಕೂತುಕೊಳ್ಳಿ. ಮೊಟ್ಟೆ ಬಂತೇ ಎಂದು ಕೇಳುವವರು ಅಲ್ಲಿ ಈಗಾಗಲೇ ಇರುತ್ತಾರೆ. ಇವತ್ತು ಮಕ್ಕಳಿಗೆ ಯಾವ ಕಥೆ ಹೇಳಿದಿರಿ ಎಂದು ನೀವು ಕೇಳಿ.