ಅಕ್ಷರದೊಡನೆ ಅಂತಃಕರಣವೂ ಬೆಳೆಯಲಿ

ಶಾಲೆಗೆ ಹೊರಡುವ ವೇಳೆಗೆ ಸರಿಯಾಗಿ ಮಗುವಿಗೆ ಹೊಟ್ಟೆನೋವು ಬರುತ್ತದೆ. ಭಾನುವಾರ ಆ ನೋವಿನ ಸುಳಿವಿರುವುದಿಲ್ಲ. ಇದನ್ನು ನಾವು ಬಹುಮಟ್ಟಿಗೆ ನೆಪವೆಂದು ತಳ್ಳಿಹಾಕುತ್ತೇವೆ. ಆದರೆ ಅಂಜಿದ ಮಗುವಿನ ಹೊಟ್ಟೆನೋವು ಅನೇಕ ವೇಳೆ ನಿಜವಾದ ನೋವೇ ಆಗಿರುತ್ತದೆ. ಭಯವುಂಟಾದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ರಕ್ತಕ್ಕೆ ಸೇರುತ್ತವೆ. ಎದೆಬಡಿತ ಏರುತ್ತದೆ, ಜೀರ್ಣಾಂಗಗಳ ಕ್ರಮ ತಪ್ಪುತ್ತದೆ, ಗಮನವೆಲ್ಲ ಭಯದ ಕಡೆಗೇ ಹರಿಯುತ್ತದೆ. ಆ ಸ್ಥಿತಿಯಲ್ಲಿರುವ ಮಗುವಿಗೆ ಮಗ್ಗಿ ತಲೆಗೆ ಹತ್ತುವುದಾದರೂ ಹೇಗೆ? ಆದ್ದರಿಂದಲೇ ಮನಸ್ಸನ್ನು ಹದಗೊಳಿಸುವ ಶಿಕ್ಷಣವನ್ನು ಆರೋಗ್ಯದ ಈ ಪುಟಗಳಲ್ಲಿ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಈ ವಿಚಾರವನ್ನು ಪ್ರತ್ಯಕ್ಷ ಕಾರ್ಯದಿಂದ ತೋರಿಸಿಕೊಟ್ಟವರಲ್ಲಿ ಅಮೆರಿಕೆಯ ಮನೋವೈದ್ಯ ಜೇಮ್ಸ್ ಕೋಮರ್ ಪ್ರಮುಖರು. ಅವರ ತಂದೆ ಉಕ್ಕಿನ ಕಾರ್ಖಾನೆಯ ಕಾರ್ಮಿಕರು. ತಾಯಿ ಪರರ ಮನೆಗೆಲಸ ಮಾಡಿದವರು, ಶಾಲೆಯಲ್ಲಿ ಹೆಚ್ಚು ಓದಿದವರಲ್ಲ. ಆದರೂ ಆ ಮನೆಯ ಮಕ್ಕಳು ಉನ್ನತ ವಿದ್ಯೆ ಪಡೆದರು. ತಮ್ಮಷ್ಟೇ ಚುರುಕಾಗಿದ್ದ ಬಾಲ್ಯದ ಗೆಳೆಯರು ಏಕೆ ಹಿಂದುಳಿದರೆಂಬ ಪ್ರಶ್ನೆ ಕೋಮರ್ ಅವರನ್ನು ಕಾಡಿತು. 1968ರಲ್ಲಿ ಅವರು ಯೇಲ್ ವಿಶ್ವವಿದ್ಯಾಲಯದ ಮಕ್ಕಳ ಅಧ್ಯಯನ ಕೇಂದ್ರದ ಸಹೋದ್ಯೋಗಿಗಳೊಡನೆ ನ್ಯೂ ಹೇವನ್ ನಗರದ ಎರಡು ಪ್ರಾಥಮಿಕ ಶಾಲೆಗಳಿಗೆ ಕಾಲಿಟ್ಟರು. ಬಡ ಆಫ್ರಿಕನ್ ಅಮೆರಿಕನ್ ಕುಟುಂಬಗಳ ಮಕ್ಕಳೇ ಹೆಚ್ಚಾಗಿದ್ದ ಆ ಶಾಲೆಗಳು ಫಲಿತಾಂಶದಲ್ಲಿಯೂ ಹಾಜರಿಯಲ್ಲಿಯೂ ನಗರದಲ್ಲೇ ಹಿಂದುಳಿದಿದ್ದವು.

ಅಲ್ಲಿ ನಡೆದ ಒಂದು ಪ್ರಸಂಗವನ್ನು ಕೋಮರ್ ದಾಖಲಿಸಿದ್ದಾರೆ. ದೂರದ ಹಳ್ಳಿಯಿಂದ ಬಂದ ಎಂಟು ವರ್ಷದ ಬಾಲಕನನ್ನು ನೆಂಟರೊಬ್ಬರು ಶಾಲೆಗೆ ಬಿಟ್ಟು ಕೆಲಸಕ್ಕೆ ಹೋದರು. ಹೊಸ ಊರು, ಹೊಸ ಮುಖಗಳು. ಶಿಕ್ಷಕಿಯಿಂದಲೂ ಆದರದ ಸ್ವಾಗತ ದೊರೆಯಲಿಲ್ಲ. ದಿಗಿಲುಗೊಂಡ ಬಾಲಕ ಶಿಕ್ಷಕಿಯ ಕಾಲಿಗೆ ಒದ್ದು ಹೊರಗೋಡಿದ. ಸಾಮಾನ್ಯವಾಗಿ ಇಂಥ ಹುಡುಗನಿಗೆ ಶಿಕ್ಷೆಯಾಗುತ್ತದೆ. ಶಿಕ್ಷೆ ಹೆಚ್ಚಿದಂತೆ ಪುಂಡನೆಂಬ ಹೆಸರು ಅಂಟಿಕೊಳ್ಳುತ್ತದೆ. ಅಲ್ಲಿನ ಮನೋವೈದ್ಯರ ತಂಡವಾದರೋ, ಆ ಬಾಲಕನ ಜಾಗದಲ್ಲಿ ತಮ್ಮನ್ನು ನಿಲ್ಲಿಸಿಕೊಂಡು ನೋಡುವಂತೆ ಶಿಕ್ಷಕರನ್ನು ಕೇಳಿತು. ಒದೆಯ ಹಿಂದಿದ್ದ ಭಯ ಆಗ ಅವರಿಗೆ ಕಂಡಿತು. ಹೊಸದಾಗಿ ಸೇರುವ ಮಕ್ಕಳನ್ನು ಬರಮಾಡಿಕೊಂಡು ಶಾಲೆಯನ್ನು ಪರಿಚಯಿಸುವ ಕ್ರಮ ಅಲ್ಲಿಂದ ರೂಪುಗೊಂಡಿತು.

ಮುಖ್ಯೋಪಾಧ್ಯಾಯರು, ಶಿಕ್ಷಕರು, ತಂದೆತಾಯಿಗಳು ಒಂದೇ ಮಂಡಳಿಯಲ್ಲಿ ಕುಳಿತು ಶಾಲೆಯ ವ್ಯವಹಾರಗಳನ್ನು ಒಮ್ಮತದಿಂದ ನಿರ್ಧರಿಸತೊಡಗಿದರು. ಅವರು ಇಟ್ಟುಕೊಂಡ ಮುಖ್ಯ ನಿಯಮ, ಯಾರ ಮೇಲೂ ತಪ್ಪು ಹೊರಿಸದೆ ಸಮಸ್ಯೆಯನ್ನು ಬಿಡಿಸುವುದು. 1984ರ ವೇಳೆಗೆ ಕಾರ್ಯಕ್ರಮದ ಎರಡು ಶಾಲೆಗಳ ನಾಲ್ಕನೆಯ ತರಗತಿಯ ಮಕ್ಕಳು ಪರೀಕ್ಷೆಯಲ್ಲಿ ನಗರದ ಮೂರನೆಯ ಮತ್ತು ನಾಲ್ಕನೆಯ ಸ್ಥಾನಕ್ಕೇರಿದರು. ಅವರ ಮನೆಗಳ ಬಡತನ ಮಾತ್ರ ಹಾಗೆಯೇ ಇತ್ತು.

ಈ ಬಗೆಯ ಕಲಿಕೆಯಲ್ಲಿ ಇಂದು ಐದು ಅಂಗಗಳನ್ನು ಗುರುತಿಸುತ್ತಾರೆ: ತನ್ನ ಭಾವವನ್ನು ತಾನರಿಯುವುದು, ಅದನ್ನು ಹತೋಟಿಯಲ್ಲಿಡುವುದು, ಅನ್ಯರ ನೋವನ್ನು ತಿಳಿಯುವುದು, ಸ್ನೇಹವನ್ನು ಉಳಿಸಿಕೊಳ್ಳುವುದು, ಹೊಣೆಯರಿತು ನಿರ್ಧರಿಸುವುದು. ಇಂಥ 213 ಕಾರ್ಯಕ್ರಮಗಳನ್ನೂ ಅವುಗಳಲ್ಲಿದ್ದ 2,70,034 ವಿದ್ಯಾರ್ಥಿಗಳನ್ನೂ ಒಟ್ಟಾಗಿ ಪರಿಶೀಲಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಮಕ್ಕಳ ನಡತೆ ಸುಧಾರಿಸಿದ್ದಲ್ಲದೆ ಓದಿನಲ್ಲಿಯೂ ಮುನ್ನಡೆ ಕಂಡಿತ್ತು. ವಿಶೇಷ ತಜ್ಞರಿಲ್ಲದೆ ತರಗತಿಯ ಶಿಕ್ಷಕರೇ ಇದನ್ನು ನಡೆಸಬಲ್ಲರೆಂಬುದೂ ಸಿದ್ಧವಾಯಿತು.

ಇದರ ಫಲ ಮುಪ್ಪಿನವರೆಗೂ ಸಲ್ಲುವಂಥದೆಂದು ನಂಬಲು ಆಧಾರವುಂಟು. ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ 1972-73ರಲ್ಲಿ ಜನಿಸಿದ ಸುಮಾರು 1,000 ಮಕ್ಕಳನ್ನು ಸಂಶೋಧಕರು ದಶಕಗಳ ಕಾಲ ಅನುಸರಿಸಿದರು. ಬಾಲ್ಯದಲ್ಲಿ ಆತ್ಮಸಂಯಮ ಕಡಿಮೆಯಿದ್ದವರಲ್ಲಿ 32ನೆಯ ವಯಸ್ಸಿಗೆ ದೇಹಾರೋಗ್ಯದ ತೊಂದರೆಗಳೂ ದುಶ್ಚಟಗಳೂ ಹಣದ ಸಂಕಷ್ಟಗಳೂ ಹೆಚ್ಚಾಗಿದ್ದವು. ಬೆಳೆಯುತ್ತ ಸಂಯಮವನ್ನು ಗಳಿಸಿಕೊಂಡವರ ಸ್ಥಿತಿ ಮಾತ್ರ ಉತ್ತಮವಾಗಿತ್ತು. ಸಂಯಮವೆಂಬುದು ಹಣೆಬರಹವಲ್ಲ, ಬೆಳೆಸಿದರೆ ಬೆಳೆಯುವ ಗುಣವೆಂಬುದು ಇದರಿಂದ ವಿದಿತವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಬ್ರಿಟನ್ನಿನಲ್ಲಿ 8,000ಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದ ಪ್ರಯೋಗವೊಂದರಲ್ಲಿ, ಅವರಲ್ಲಿ ಒಂದು ಗುಂಪಿಗೆ ಶಾಲೆಯ ಅವಧಿಯಲ್ಲಿ ಧ್ಯಾನಮೂಲದ ಮನೋಶಿಕ್ಷಣ ನೀಡಿ ಪರೀಕ್ಷಿಸಲಾಯಿತು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವಾಡಿಕೆಯ ಪಾಠಕ್ಕಿಂತ ಅದರಿಂದ ಹೆಚ್ಚಿನ ಲಾಭವಾಗಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ವೇಳಾಪಟ್ಟಿಯಲ್ಲಿ ಒಂದು ಅವಧಿಯನ್ನು ಸೇರಿಸಿದ ಮಾತ್ರಕ್ಕೆ ಶೀಲ ಮೂಡದು. ಸುತ್ತಲಿನ ಹಿರಿಯರ ನಡೆಯಲ್ಲಿ ಅದು ಕಾಣಬೇಕು.

ನಮ್ಮ ದೇಶದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಬುದ್ಧಿಯೊಡನೆ ಮಕ್ಕಳ ಸಾಮಾಜಿಕ, ನೈತಿಕ, ಭಾವನಾತ್ಮಕ ಶಕ್ತಿಗಳು ಬೆಳೆಯಬೇಕೆಂದು ಹೇಳುತ್ತದೆ. ನೀತಿ ಕಾಗದದಲ್ಲಿದೆ, ಅದನ್ನು ನಡೆಸುವವರು ಶಿಕ್ಷಕರು ಮತ್ತು ನಾವು. ಸಂಜೆ ಮಗು ಮನೆಗೆ ಬಂದೊಡನೆ ಎಷ್ಟು ಅಂಕ ಬಂತೆಂದು ಕೇಳುವ ಮೊದಲು, ಇಂದು ಯಾರೊಡನೆ ಆಡಿದೆ, ಯಾವುದು ಬೇಸರ ತಂದಿತು ಎಂದು ಕೇಳೋಣ. ಮಗು ಸಿಟ್ಟಾದಾಗ ಆ ಸಿಟ್ಟಿಗೆ ಹೆಸರು ಹೇಳಲು ಕಲಿಸೋಣ. ನಾವು ಸಿಟ್ಟಾದಾಗ ಕ್ಷಣಕಾಲ ಸುಮ್ಮನಿದ್ದು ತೋರಿಸೋಣ. ಶಾಲೆಯಿಂದ ದೂರು ಬಂದಾಗ ಶಿಕ್ಷಕರನ್ನಾಗಲಿ ಮಗುವನ್ನಾಗಲಿ ದೂಷಿಸದೆ, ಇಬ್ಬರೊಡನೆಯೂ ಕುಳಿತು ಕಾರಣವನ್ನು ಹುಡುಕೋಣ.

ನಿದ್ದೆ ಕೆಡುವುದು, ಊಟ ಬಿಡುವುದು, ಆಟವನ್ನೂ ಗೆಳೆಯರನ್ನೂ ತೊರೆಯುವುದು ಎರಡು ವಾರ ಮೀರಿದರೆ ವೈದ್ಯರನ್ನು ಕಾಣಬೇಕು. ಸಾಯುವ ಮಾತನ್ನು ಮಗು ಒಮ್ಮೆ ಆಡಿದರೂ ತಡಮಾಡಲಾಗದು. ಸರ್ಕಾರದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ದೊರೆಯುತ್ತದೆ. ಜ್ವರ ಬಂದಾಗ ವೈದ್ಯರ ಬಳಿಗೆ ಒಯ್ಯಲು ನಾಚದ ನಾವು, ಮನಸ್ಸು ನೊಂದಾಗ ನಾಚಬೇಕಾದ ಕಾರಣವಿಲ್ಲ.