ಲೋಡು ಎಂದರೆ ಎಷ್ಟಡಿ?

ಗೇಟಿನಿಂದ ಪೋರ್ಟಿಕೊವರೆಗೆ ಕಾರು ಓಡಾಡುವ ದಾರಿ. ಉದ್ದ 60 ಅಡಿ, ಅಗಲ 10 ಅಡಿ. ಕಾಂಕ್ರೀಟು ಬೇಡ, ಮಳೆ ನೀರು ಅಲ್ಲೇ ಇಂಗಲಿ ಎಂದು ಜಲ್ಲಿ ಹಾಸಲು ಹೊರಟೆವು. ಕೆಳಗೆ 4 ಇಂಚು ದಪ್ಪ ಜಲ್ಲಿ, ಅದರ ಮೇಲೆ 2 ಇಂಚು ಮುಕ್ಕಾಲಿಂಚಿನ ಜಲ್ಲಿ. ನಾನು ಪೆನ್ನು ಹುಡುಕುವಷ್ಟರಲ್ಲಿ ಮೇಸ್ತ್ರಿ ಲೆಕ್ಕ ಮುಗಿಸಿದ್ದರು: “ಆರು ಚದರ ಸಾರ್. ಕೆಳಕ್ಕೆ ಇನ್ನೂರು, ಮೇಲಕ್ಕೆ ನೂರು. ಆದ್ರೆ ಅಷ್ಟೇ ತರಿಸಿಬಿಡಬೇಡಿ.” ಕೊನೆಯ ಮಾತು ನನ್ನ ಕಿವಿಗೆ ಬೀಳಲಿಲ್ಲ.

ಮೇಸ್ತ್ರಿಗಳ ಈ ಬಾಯಿಲೆಕ್ಕದ ಗುಟ್ಟು ಚದರದಲ್ಲಿದೆ. ಹತ್ತಡಿಗೆ ಹತ್ತಡಿ ಒಂದು ಚದರ, ಅಂದರೆ 100 ಚದರಡಿ. ಅದರ ಮೇಲೆ ಒಂದಡಿ ದಪ್ಪಕ್ಕೆ ಜಲ್ಲಿ ಹರಡಿದರೆ 100 ಘನ ಅಡಿ. ಆರಿಂಚಿಗೆ 50, ನಾಲ್ಕಿಂಚಿಗೆ 33, ಮೂರಿಂಚಿಗೆ 25. ಇಷ್ಟು ಬಾಯಲ್ಲಿದ್ದರೆ ಕಾಗದ ಬೇಕಿಲ್ಲ. ಬರೆದೇ ನೋಡುತ್ತೇನೆ ಎನ್ನುವವರು ಚದರಡಿಯನ್ನು ಇಂಚಿನಿಂದ ಗುಣಿಸಿ 12ರಿಂದ ಭಾಗಿಸಲಿ. ಗೇಟಿನ ಹತ್ತಿರ ಹತ್ತಡಿ ಇದ್ದು ಮನೆ ಮುಂದೆ ಹದಿನೆಂಟಕ್ಕೆ ಅಗಲವಾಗುವ ದಾರಿಗೆ ಹದಿನಾಲ್ಕು ಎಂದು ಹಿಡಿದರಾಯಿತು. ಮೇಸ್ತ್ರಿಗಳ ಮಾತಿನಲ್ಲಿ ಘನ ಅಡಿಯೂ ಬರೀ ‘ಅಡಿ’ಯೇ. ಉತ್ತರ ಕರ್ನಾಟಕದಲ್ಲಿ ನೂರು ಘನ ಅಡಿಗೆ ಒಂದು ಬ್ರಾಸ್ ಎನ್ನುತ್ತಾರೆ; ಅಲ್ಲಿ ಜಲ್ಲಿಯೂ ಖಡಿಯಾಗುತ್ತದೆ.

ನಾನು ಮೂರು ಟ್ರ್ಯಾಕ್ಟರ್ ಲೋಡು ಹೇಳಿದೆ. ಎರಡು ದಪ್ಪದ್ದು, ಒಂದು ಸಣ್ಣದು. ಲೋಡಿಗೆ ನೂರಡಿ ಎಂದು ಫೋನಿನಲ್ಲಿ ಹೇಳಿದ್ದರು. ಮೊದಲ ಟ್ರೇಲರ್ ಬಂದಾಗ ಮೇಸ್ತ್ರಿ ಚಕ್ರದ ಮೇಲೆ ಕಾಲಿಟ್ಟು ಹತ್ತಿ ಟೇಪು ಹಿಡಿದರು. ಒಳ ಅಳತೆ ಉದ್ದ 9 ಅಡಿ, ಅಗಲ 6, ಎತ್ತರ 2. ಕಂಠಮಟ್ಟ ತುಂಬಿದ್ದರೆ 108 ಅಡಿ. ಜಲ್ಲಿ ಮಾತ್ರ ಅಂಚಿನಿಂದ ನಾಲ್ಕಿಂಚು ಕೆಳಗೇ ನಿಂತಿತ್ತು. ನಾಲ್ಕಿಂಚು ಎಂದರೆ ಕಣ್ಣಿಗೆ ಏನೂ ಅಲ್ಲ. ಲೆಕ್ಕಕ್ಕೆ 18 ಅಡಿ. ಕೈಗೆ ಬಂದದ್ದು 90. ಹೀಗೆ ಮೂರು ಸಲ.

ಹಾಗೆಂದು ಗಾಡಿಯವರ ಮೇಲೆ ಹರಿಹಾಯುವಂತಿಲ್ಲ. ಕ್ರಷರಿನಲ್ಲಿ ಸಡಿಲವಾಗಿ ಬಿದ್ದ ಜಲ್ಲಿ ಗುಂಡಿ ರಸ್ತೆಯಲ್ಲಿ ಕುಲುಕುತ್ತ ಬರುವಾಗ ಸ್ವಲ್ಪ ಕೂತುಕೊಳ್ಳುತ್ತದೆ. ಬೇಕಾದರೆ ಮನೆಯಲ್ಲೇ ನೋಡಿ. ಇಪ್ಪತ್ತು ಲೀಟರಿನ ಹಳೇ ಪೇಂಟ್ ಡಬ್ಬಕ್ಕೆ ಜಲ್ಲಿ ತುಂಬಿ, ಮೇಲಿನಿಂದ ಚೊಂಬಿನಲ್ಲಿ ಅಳೆದು ನೀರು ಹಾಕುತ್ತ ಹೋಗಿ. ತುಂಬಿದ ಡಬ್ಬ ಮತ್ತೆ ಎಂಟರಿಂದ ಒಂಬತ್ತು ಲೀಟರ್ ನೀರು ಕುಡಿಯುತ್ತದೆ. ಅಂದರೆ ನಾವು ಜಲ್ಲಿ ಎಂದು ದುಡ್ಡು ಕೊಡುವುದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬರೀ ಗಾಳಿ! ರೋಲರ್ ಓಡಿಸಿದಾಗ, ದಿಮ್ಮಸು ಹೊಡೆದಾಗ ಆ ಗಾಳಿಯಲ್ಲಿ ಒಂದಷ್ಟು ಹೊರಬೀಳುತ್ತದೆ, ದಪ್ಪ ಇಳಿಯುತ್ತದೆ. ಅದಕ್ಕೇ ಕೆಳಪದರಕ್ಕೆ ನೂರಕ್ಕೆ ಇಪ್ಪತ್ತು, ಮೇಲಿನದಕ್ಕೆ ಹತ್ತು ಹೆಚ್ಚು ಹಿಡಿಯಬೇಕು. ಮೇಸ್ತ್ರಿಯ ಕೊನೆಯ ಮಾತು ಇದನ್ನೇ ಹೇಳಿತ್ತು. ನನಗೆ ಬೇಕಾಗಿದ್ದದ್ದು 240 ಮತ್ತು 110, ಒಟ್ಟು 350 ಅಡಿ. ಬಂದದ್ದು 270.

ಗುಂಡಗಿನ ಹೊಳೆಗಲ್ಲು ನೋಡಲು ಚೆನ್ನ ಎಂದು ಅದನ್ನೇ ಹಾಸಲು ಹೋಗುವವರಿದ್ದಾರೆ. ಗಿಡದ ಬುಡಕ್ಕೆ, ತುಳಸಿ ಕಟ್ಟೆಯ ಸುತ್ತ ಹಾಕಲಿ, ಸಂತೋಷ. ಚಕ್ರದ ಕೆಳಗೆ ಅದು ಉರುಳುತ್ತಲೇ ಇರುತ್ತದೆ. ಒಡೆದ ಕಲ್ಲಿಗೆ ಮೂಲೆಗಳಿವೆ, ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಇದನ್ನು ರಸ್ತೆಯ ಶಾಸ್ತ್ರವಾಗಿಸಿದವನು ಸ್ಕಾಟ್‌ಲ್ಯಾಂಡಿನ ಜಾನ್ ಲೌಡನ್ ಮೆಕಾಡಂ (1756–1836). ಒಂದು ಕಲ್ಲು ಆರು ಔನ್ಸ್, ನಮ್ಮ ಲೆಕ್ಕದಲ್ಲಿ ಸುಮಾರು 170 ಗ್ರಾಂ ಮೀರಬಾರದು ಎಂಬುದು ಅವನ ಹಟ. ನಮ್ಮ ಇಂಜಿನಿಯರುಗಳು ವಾಟರ್ ಬೌಂಡ್ ಮೆಕಾಡಂ ಎಂದು ಅವನ ಹೆಸರನ್ನು ಇಂದಿಗೂ ಹೇಳುತ್ತಾರೆ.

ಇನ್ನು ನೆಲ. ಎರೆ ಮಣ್ಣಿನ ಊರಿನವರು ನನ್ನ ಈ ಲೆಕ್ಕವನ್ನು ಹಾಗೇ ನಂಬಬೇಡಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣು ಮೇಲೆ ಹಾಕಿದ ಜಲ್ಲಿಯನ್ನು ವರ್ಷ ವರ್ಷವೂ ನುಂಗುತ್ತದೆ. ಮೊದಲು ಗರಸು ಹಾಕಿ, ನೀರು ಬಿಟ್ಟು, ದಿಮ್ಮಸು ಹೊಡೆದು ಗಟ್ಟಿಮಾಡಿಕೊಂಡೇ ಜಲ್ಲಿಗೆ ಇಳಿಯಬೇಕು. ಮಲೆನಾಡು, ಕರಾವಳಿಯಲ್ಲಿ ವಾಟ ಸರಿಯಿಲ್ಲದಿದ್ದರೆ ಒಂದೇ ಮಳೆಗಾಲ ಸಾಕು, ಸಣ್ಣ ಜಲ್ಲಿಯೆಲ್ಲ ಪಕ್ಕದ ಚರಂಡಿಯಲ್ಲಿ.

ಟೇಪಿನ ಜಗಳವೇ ಬೇಡ ಎನ್ನುವವರಿಗೆ ತೂಕದ ದಾರಿ ಇದೆ. ಕುಲುಕಿದರೆ ಅಡಿ ಇಳಿಯಬಹುದು, ತೂಕ ಇಳಿಯುವುದಿಲ್ಲ. ವೇಬ್ರಿಡ್ಜ್ ಚೀಟಿಯಲ್ಲಿ ಗ್ರಾಸ್, ಟೇರ್, ನೆಟ್ ಎಂದು ಮೂರು ಅಂಕಿ ಇರುತ್ತವೆ. ನಮಗೆ ಬೇಕಾದ್ದು ನೆಟ್. ನಮ್ಮ ಕಡೆಯ ಗ್ರಾನೈಟ್ ಜಲ್ಲಿ ಟನ್ನಿಗೆ ಸುಮಾರು 23ರಿಂದ 24 ಘನ ಅಡಿ ಬರುತ್ತದೆ. ನನ್ನ 350 ಅಡಿಗೆ ಹತ್ತಿರ ಹತ್ತಿರ 15 ಟನ್. ಮಳೆಯಲ್ಲಿ ನೆನೆದು ಬಂದ ಲೋಡಿನಲ್ಲಿ ನೀರಿನ ತೂಕವೂ ಸೇರಿರುತ್ತದೆ ಎಂಬುದೊಂದು ನೆನಪಿರಲಿ.

ನಮ್ಮ ದಾರಿಯ ಕಥೆ ಹೀಗೆ ಮುಗಿಯಿತು. ಕೆಳಪದರ ನಾಲ್ಕಿಂಚಿನ ಬದಲು ಮೂರಿಂಚಿಗೇ ನಿಂತಿತು. ಅದು ಮಣ್ಣಿನೊಳಗೆ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ, ನನಗೆ ಮತ್ತು ಮೇಸ್ತ್ರಿಗೆ ಬಿಟ್ಟು. ಮೇಲಿನ ಜಲ್ಲಿ ಪೋರ್ಟಿಕೊಗೆ ಹತ್ತಡಿ ಇರುವಾಗಲೇ ಖಾಲಿ. ಮೇಸ್ತ್ರಿ ಬಾಂಡ್ಲಿ ಮಗುಚಿಟ್ಟು ನನ್ನ ಮುಖ ನೋಡಿದರು. ಮತ್ತೆ ಫೋನು ಮಾಡಿದರೆ ಆ ಕ್ರಷರಿನಲ್ಲಿ ಆ ವಾರ ಸಣ್ಣ ಜಲ್ಲಿ ಇರಲಿಲ್ಲ. ಬೇರೆ ಕಡೆಯಿಂದ ತರಿಸಿದೆ. ಬೇರೆ ಬಂಡೆ, ಬೇರೆ ಬಣ್ಣ. ಐವತ್ತಡಿ ಬೂದು, ಕೊನೆಯ ಹತ್ತಡಿ ನಸುಗೆಂಪು. ಬಂದವರೆಲ್ಲ ಬೇಕೆಂದೇ ಮಾಡಿಸಿದ ಡಿಸೈನ್ ಎಂದುಕೊಳ್ಳುತ್ತಾರೆ.

ನೀವು ತರಿಸುವಾಗ ಎಲ್ಲವನ್ನೂ ಒಂದೇ ಕ್ರಷರಿನಿಂದ, ಒಂದೇ ಸಲ ತರಿಸಿ. ಟೇಪು ಹಿಡಿಯುವುದಿದ್ದರೆ ಟ್ರೇಲರ್ ಎತ್ತುವ ಮೊದಲೇ ಹಿಡಿಯಿರಿ.